ಉತ್ತರ ಸರಿ, ಆದರೆ ಎದೆ ಯಾಕೆ ಇಷ್ಟು ಜೋರಾಗಿ ಬಡಿಯುತ್ತಿದೆ?

ಆಟದಲ್ಲಿ ತಲೆಗೆ ಏಟು ಬಿದ್ದವರಿಗೆ ನೆನಪಿನ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಅಂಕ ಎಷ್ಟು ಬಂತು ಎಂಬುದರ ಜೊತೆಗೆ, ಆ ಅಂಕ ಗಳಿಸಲು ದೇಹ ಎಷ್ಟು ಕಷ್ಟಪಟ್ಟಿತು ಎಂಬುದನ್ನೂ ವಿಜ್ಞಾನಿಗಳು ಅಳೆಯುತ್ತಿದ್ದಾರೆ.

2019ರ ಆಗಸ್ಟ್ 17. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಆಷಸ್ ಸರಣಿಯ ಎರಡನೇ ಟೆಸ್ಟ್ ನಡೆಯುತ್ತಿತ್ತು. ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ 80 ರನ್ ಗಳಿಸಿ ಆಡುತ್ತಿದ್ದರು. ಇಂಗ್ಲೆಂಡಿನ ಜೋಫ್ರಾ ಆರ್ಚರ್ ಗಂಟೆಗೆ ಸುಮಾರು 148 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಪುಟಿದೆದ್ದು ಸ್ಮಿತ್ ಅವರ ಎಡಗಿವಿಯ ಕೆಳಗೆ, ಕುತ್ತಿಗೆಗೆ ಬಡಿಯಿತು. ಅವರು ಅಲ್ಲೇ ನೆಲಕ್ಕುರುಳಿದರು. ಮೈದಾನವೆಲ್ಲ ಸ್ತಬ್ಧ.

ಅವರನ್ನು ಒಳಗೆ ಕರೆದೊಯ್ದು ಪರೀಕ್ಷೆ ಮಾಡಿದರು. ಸ್ಮಿತ್ ಪಾಸಾದರು! ಮತ್ತೆ ಬ್ಯಾಟ್ ಹಿಡಿದು ಬಂದು, ಇನ್ನೂ 12 ರನ್ ಸೇರಿಸಿ 92ಕ್ಕೆ ಔಟಾದರು. ಎಲ್ಲರೂ ಉಸ್ಸಪ್ಪಾ ಎಂದುಕೊಂಡರು. ಆದರೆ ಮರುದಿನ ಬೆಳಿಗ್ಗೆ ಎದ್ದಾಗ ತಲೆನೋವು, ಮಂಪರು. ಮತ್ತೆ ಪರೀಕ್ಷೆ ಮಾಡಿದಾಗ ಫಲಿತಾಂಶ ಹಿಂದಿನ ದಿನದಷ್ಟು ಚೆನ್ನಾಗಿರಲಿಲ್ಲ. ಸ್ಮಿತ್ ಪಂದ್ಯದಿಂದ ಹೊರಗುಳಿದರು. ಅವರ ಬದಲು ಬಂದ ಮಾರ್ನಸ್ ಲಬುಶೇನ್ ಟೆಸ್ಟ್ ಕ್ರಿಕೆಟ್ಟಿನ ಮೊದಲ 'ಕನ್‌ಕಷನ್ ಬದಲಿ ಆಟಗಾರ' ಎನಿಸಿಕೊಂಡರು. ಆ ನಿಯಮ ಜಾರಿಗೆ ಬಂದು ಆಗಿನ್ನೂ ತಿಂಗಳೂ ತುಂಬಿರಲಿಲ್ಲ.

ಈ ಕಥೆ ಹೇಳಿದಾಗ ಏಳನೇ ತರಗತಿಯ ನನ್ನ ಮೊಮ್ಮಗ ಕೇಳಿದ: "ಅಜ್ಜಿ, ಶನಿವಾರ ಪಾಸಾದವರು ಭಾನುವಾರ ಹೇಗೆ ಫೇಲಾದರು? ಪರೀಕ್ಷೆಯೇ ಸರಿ ಇರಲಿಲ್ಲವಾ?"

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಅವನಿಗೆ ಹೇಳಿದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಪರೀಕ್ಷೆ ಕೆಟ್ಟದ್ದಲ್ಲ. ಆದರೆ ಅದು ಒಂದೇ ಪ್ರಶ್ನೆ ಕೇಳುತ್ತದೆ: ಉತ್ತರ ಸರಿಯೋ ತಪ್ಪೋ? ಆ ಉತ್ತರ ಕೊಡಲು ಎಷ್ಟು ಒದ್ದಾಡಿದೆ ಎಂದು ಅದು ಕೇಳುವುದಿಲ್ಲ. ಅದನ್ನು ಕೇಳಬೇಕಾದರೆ ಎದೆಯನ್ನು, ಅಂಗೈಯನ್ನು, ಕಣ್ಣನ್ನು, ಎಂಜಲನ್ನು ಕೇಳಬೇಕು.

ಸ್ಕ್ಯಾನ್‌ನಲ್ಲಿ ಕಾಣದ ಏಟು

ನನ್ನ ವಯಸ್ಸಿನವರಿಗೆ ನಾರಿ ಕಂಟ್ರಾಕ್ಟರ್ ಹೆಸರು ನೆನಪಿರಬೇಕು. 1962ರಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ನಮ್ಮ ನಾಯಕನ ತಲೆಗೆ ಬಡಿದು ಬುರುಡೆ ಬಿರುಕುಬಿಟ್ಟಿತು. ಆಗ ಹೆಲ್ಮೆಟ್ ಇರಲಿಲ್ಲ. ವೆಸ್ಟ್ ಇಂಡೀಸ್ ತಂಡದ ನಾಯಕ ಫ್ರಾಂಕ್ ವೊರೆಲ್ ಅವರೇ ರಕ್ತ ಕೊಟ್ಟರು. ಕಂಟ್ರಾಕ್ಟರ್ ಬದುಕುಳಿದರೂ ಮತ್ತೆ ಟೆಸ್ಟ್ ಆಡಲಿಲ್ಲ. ಅದು ಕಣ್ಣಿಗೆ ಕಾಣುವ ಏಟು. ಮೂಳೆ ಮುರಿದಿತ್ತು, ರಕ್ತ ಹೆಪ್ಪುಗಟ್ಟಿತ್ತು.

ಕನ್‌ಕಷನ್ ಹಾಗಲ್ಲ. ಅದು ಮಿದುಳು ಅಲುಗಿಹೋಗುವುದು. ನಮ್ಮ ಮಿದುಳಿನ ತೂಕ ಸುಮಾರು 1.4 ಕಿಲೋ. ಅದು ಹೆಪ್ಪುಗಟ್ಟಿದ ಮೊಸರಿನ ಹಾಗೆ ಮೆತ್ತಗೆ, ಬುರುಡೆಯೊಳಗಿನ ದ್ರವದಲ್ಲಿ ತೇಲುತ್ತಿರುತ್ತದೆ. ಮೊಸರಿನ ಪಾತ್ರೆಯನ್ನು ಒಮ್ಮೆಲೇ ಜೋರಾಗಿ ಅಲುಗಿಸಿದರೆ ಪಾತ್ರೆಗೆ ಏನೂ ಆಗುವುದಿಲ್ಲ, ಒಳಗಿನ ಮೊಸರು ಕದಡುತ್ತದೆ. ಹೆಲ್ಮೆಟ್ ಪಾತ್ರೆಯನ್ನು ಕಾಪಾಡುತ್ತದೆ. ಮೊಸರು ಅಲುಗದಂತೆ ತಡೆಯಲು ಅದರಿಂದ ಪೂರ್ತಿ ಸಾಧ್ಯವಿಲ್ಲ. ತಲೆಗೇ ಏಟು ಬೀಳಬೇಕೆಂದೂ ಇಲ್ಲ. ಕಬಡ್ಡಿಯಲ್ಲಿ ಬೆನ್ನಿಗೆ ಬಿದ್ದ ಜೋರು ಡಿಕ್ಕಿಯಿಂದ ತಲೆ ಹಿಂದೆ ಮುಂದೆ ಜಗ್ಗಿದರೂ ಸಾಕು. ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ, ಹೆಚ್ಚಿನವರಿಗೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ.

ಹಾಗಾದರೆ ಒಳಗೆ ಆಗಿರುವುದೇನು? ನರಕೋಶಗಳ ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಎರಡನ್ನೂ ಅದರದರ ಜಾಗಕ್ಕೆ ಮರಳಿಸಲು ಕೋಶಗಳು ತಮ್ಮ ಪಂಪುಗಳನ್ನು ಒಂದೇ ಸಮನೆ ಓಡಿಸಬೇಕು. ಅದಕ್ಕೆ ತುಂಬ ಸಕ್ಕರೆ ಬೇಕು. ಸರಿಯಾಗಿ ಅದೇ ಹೊತ್ತಿಗೆ ಮಿದುಳಿಗೆ ರಕ್ತದ ಪೂರೈಕೆ ಕಡಿಮೆಯಾಗಿರುತ್ತದೆ. ಹಳ್ಳಿಯಲ್ಲಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ತ್ರೀ ಫೇಸ್ ಕರೆಂಟ್ ಹೋಗಿ ಸಿಂಗಲ್ ಫೇಸ್ ಮಾತ್ರ ಉಳಿದಿದ್ದಾಗ ಮನೆಯ ಬಲ್ಬು ಉರಿಯುತ್ತದೆ, ಟಿ.ವಿ. ನಡೆಯುತ್ತದೆ. ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಅನ್ನಿಸುತ್ತದೆ. ತೋಟದ ಮೋಟರ್ ಹಾಕಿದರೆ ಮಾತ್ರ ಅದು ಗುಂಯ್ ಎಂದು ಬಿಸಿಯಾಗತೊಡಗುತ್ತದೆ. ಕನ್‌ಕಷನ್ ಆದ ಮಗು ನಗುತ್ತದೆ, ಊಟ ಮಾಡುತ್ತದೆ, ಮಾತಾಡುತ್ತದೆ, ಅವು ಬಲ್ಬುಗಳು. ಗಣಿತದ ಲೆಕ್ಕ, ಉದ್ದನೆಯ ಪಾಠ, ಗದ್ದಲದ ತರಗತಿ, ಇವು ಮೋಟರ್.

ತಿಂಗಳುಗಳನ್ನು ಹಿಂದಿನಿಂದ ಹೇಳು

ಮೈದಾನದಲ್ಲೇ ಕೇಳುವ ಮೊದಲ ಪ್ರಶ್ನೆಗಳು ಬಹಳ ಸರಳ. ಇದು ಯಾವ ಮೈದಾನ? ಈಗ ಪಂದ್ಯದ ಯಾವ ಅರ್ಧ ನಡೆಯುತ್ತಿದೆ? ಕೊನೆಯ ಅಂಕ ಗಳಿಸಿದವರು ಯಾರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ? ಗೆದ್ದಿರಾ? ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿ, 1995ರಲ್ಲಿ ಇಂಥ ಪ್ರಶ್ನೆಗಳನ್ನು ಮ್ಯಾಡಾಕ್ಸ್ ಎಂಬ ತಜ್ಞರ ತಂಡ ಪ್ರಕಟಿಸಿತು. 'ನಿನ್ನ ಹೆಸರೇನು, ಹುಟ್ಟಿದ ದಿನ ಯಾವುದು' ಎಂದು ಕೇಳುವುದಕ್ಕಿಂತ ಇವು ಮೇಲು. ತಲೆ ಅಲುಗಿದವನೂ ತನ್ನ ಹೆಸರನ್ನು ಮರೆಯುವುದಿಲ್ಲ; ಹತ್ತು ನಿಮಿಷದ ಹಿಂದೆ ಯಾರು ಗೋಲು ಹೊಡೆದರು ಎಂಬುದನ್ನು ಮರೆಯುತ್ತಾನೆ.

ಮೈದಾನದ ಹೊರಗೆ ಬಂದ ಮೇಲೆ ಇನ್ನೂ ವಿವರವಾದ ಪರೀಕ್ಷೆ. ಇದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ನಮೂನೆಯ ಹೆಸರು 'ಸ್ಕ್ಯಾಟ್'. ಅದರ ಆರನೆಯ ಆವೃತ್ತಿ ಸಿದ್ಧವಾದದ್ದು 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ತಜ್ಞರ ಸಭೆಯ ನಂತರ. 13 ವರ್ಷ ಮತ್ತು ಮೇಲ್ಪಟ್ಟವರಿಗೆ ಒಂದು ನಮೂನೆ, 8ರಿಂದ 12 ವರ್ಷದವರಿಗೆ ಇನ್ನೊಂದು. ದೊಡ್ಡವರ ನಮೂನೆಯಲ್ಲಿ ಹತ್ತು ಪದಗಳನ್ನು ಓದಿ ಹೇಳುತ್ತಾರೆ, ನೆನಪಿದ್ದಷ್ಟು ಒಪ್ಪಿಸಬೇಕು. ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಬೇಕು. ಡಿಸೆಂಬರ್, ನವೆಂಬರ್, ಅಕ್ಟೋಬರ್ ಎಂದು ತಿಂಗಳುಗಳನ್ನು ತಿರುಗಿಸಿ ಹೇಳಬೇಕು. ಒಂದು ಹೆಜ್ಜೆಯ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಗೆರೆಯ ಮೇಲೆ ನಡೆಯಬೇಕು. ಐದು ನಿಮಿಷವಾದರೂ ಕಳೆದ ಮೇಲೆ, ಮೊದಲು ಹೇಳಿದ ಹತ್ತು ಪದಗಳಲ್ಲಿ ಎಷ್ಟು ಉಳಿದಿವೆ ಎಂದು ಮತ್ತೆ ಕೇಳುತ್ತಾರೆ.

ಇಲ್ಲಿ ಒಂದು ತೊಡಕಿದೆ. ಕೆಲವರ ನೆನಪು ಹುಟ್ಟಿನಿಂದಲೇ ಚುರುಕು, ಕೆಲವರದು ನಿಧಾನ. ಏಟು ಬಿದ್ದವನು ಆರು ಪದ ಹೇಳಿದರೆ ಅದು ಏಟಿನಿಂದಲೋ, ಅವನು ಯಾವಾಗಲೂ ಹೇಳುವುದೇ ಆರೋ? 1980ರ ದಶಕದಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫ್ರಿ ಬಾರ್ತ್ ಮತ್ತು ಸಂಗಡಿಗರು ಇದಕ್ಕೊಂದು ದಾರಿ ಹುಡುಕಿದರು. ಎರಡು ಸಾವಿರಕ್ಕೂ ಹೆಚ್ಚು ಕಾಲೇಜು ಫುಟ್‌ಬಾಲ್ ಆಟಗಾರರನ್ನು ಋತು ಶುರುವಾಗುವ ಮುಂಚೆಯೇ ಪರೀಕ್ಷಿಸಿ ಇಟ್ಟುಕೊಂಡರು. ಏಟು ಬಿದ್ದಾಗ ಮತ್ತೆ ಪರೀಕ್ಷೆ. ಹೋಲಿಕೆ ಬೇರೆಯವರೊಂದಿಗಲ್ಲ, ಅವನದೇ ಹಿಂದಿನ ಅಂಕದೊಂದಿಗೆ. ಇಂದಿಗೂ ದೊಡ್ಡ ತಂಡಗಳಲ್ಲಿ ನಡೆಯುವುದು ಇದೇ.

ಆಕ್ಲೆಂಡಿನ ಕೂಡುವ ಲೆಕ್ಕ

ಮಕ್ಕಳೇ, ಈ ಪರೀಕ್ಷೆಗಳಲ್ಲಿ ಒಂದನ್ನು ನೀವೇ ಆಡಬಹುದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಡೊರೊಥಿ ಗ್ರಾನ್‌ವಾಲ್ ಎಂಬ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲಿ ತಲೆಗೆ ಏಟು ಬಿದ್ದವರಿಗೆ ಇದನ್ನು ಬಳಸಿದರು. ಹೆಸರು ಪಾಸಾಟ್. ಧ್ವನಿಮುದ್ರಿತ ಅಂಕಿಗಳು ಒಂದರ ಹಿಂದೆ ಒಂದು ಕೇಳಿಬರುತ್ತವೆ. ಈಗ ಕೇಳಿದ ಅಂಕಿಗೆ ಅದರ ಹಿಂದಿನ ಅಂಕಿಯನ್ನು ಕೂಡಿಸಿ ಹೇಳಬೇಕು. 3 ಕೇಳಿತು, ಆಮೇಲೆ 5. ನೀವು 'ಎಂಟು' ಅನ್ನಬೇಕು. ಆಮೇಲೆ 2 ಬಂತು. ಈಗ ಎಂಟಕ್ಕೆ ಎರಡು ಸೇರಿಸಬಾರದು, 5 ಮತ್ತು 2 ಸೇರಿಸಿ 'ಏಳು' ಅನ್ನಬೇಕು. ಆಮೇಲೆ 6 ಬಂದರೆ 'ಎಂಟು'. ಒಂದನೇ ತರಗತಿಯ ಕೂಡುವ ಲೆಕ್ಕವೇ. ಆದರೆ ಮೊದಲು 2.4 ಸೆಕೆಂಡಿಗೆ ಒಂದರಂತೆ ಬರುವ ಅಂಕಿಗಳು ಹಂತಹಂತವಾಗಿ ವೇಗ ಹೆಚ್ಚಿಸಿಕೊಂಡು ಕೊನೆಗೆ 1.2 ಸೆಕೆಂಡಿಗೆ ಒಂದರಂತೆ ಬರುತ್ತವೆ. ಆಡಿದವರೆಲ್ಲ ಬೆವರುತ್ತಾರೆ.

ಗ್ರಾನ್‌ವಾಲ್ ಮತ್ತು ನರಶಸ್ತ್ರಚಿಕಿತ್ಸಕ ಫಿಲಿಪ್ ರೈಟ್‌ಸನ್ 1974ರಲ್ಲಿ ತೋರಿಸಿದ್ದು ಇದು: 'ಸಣ್ಣ ಏಟು' ಎಂದು ಮನೆಗೆ ಕಳಿಸಿದವರಲ್ಲೂ ಈ ಲೆಕ್ಕದ ವೇಗ ಮರಳಿ ಬರಲು ದಿನಗಳಲ್ಲ, ವಾರಗಳೇ ಬೇಕಾಗಬಹುದು. ಮರುವರ್ಷ ಇನ್ನೊಂದು ಸಂಗತಿ ಹೇಳಿದರು. ಎರಡನೇ ಸಲ ಕನ್‌ಕಷನ್ ಆದವರು ಮೊದಲ ಸಲದವರಿಗಿಂತ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ.

1980ರಲ್ಲಿ ಆಕ್ಲೆಂಡಿನ ಇದೇ ತಂಡದಿಂದ ಬಂದ ಪ್ರಯೋಗವೊಂದು ನನಗೆ ತುಂಬ ಇಷ್ಟ. ಒಂದರಿಂದ ಮೂರು ವರ್ಷಗಳ ಹಿಂದೆ ಏಟು ಬಿದ್ದು, ಪೂರ್ತಿ ಗುಣವಾಗಿ, ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಸುಮಾರು 3,800 ಮೀಟರ್ ಎತ್ತರದಲ್ಲಿ ಇರುವಷ್ಟೇ ತೆಳು ಗಾಳಿಯಲ್ಲಿ ಅವರನ್ನು ಕೂರಿಸಿ ಪರೀಕ್ಷಿಸಿದರು. ಅದು ಲಡಾಖಿನ ಲೇಹ್‌ಗಿಂತಲೂ ಎತ್ತರ. ಅಲ್ಲಿ ಅವರ ನೆನಪು ಮತ್ತು ಗಮನ, ಏಟೇ ಬೀಳದ ಸಹಪಾಠಿಗಳಿಗಿಂತ ಹಿಂದೆ ಬಿತ್ತು. ನೆಮ್ಮದಿಯಲ್ಲಿ ಕಾಣದ ಕೊರತೆ ಒತ್ತಡದಲ್ಲಿ ಹೊರಬಂತು.

ದೇಹ ಹೇಳುವ ಸಾಕ್ಷಿ

ಒತ್ತಡ ಎಂದರೆ ಬರೀ ಮನಸ್ಸಿನ ಮಾತಲ್ಲ. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ನೂರು ವರ್ಷಕ್ಕೂ ಹಿಂದೆಯೇ, 1915ರಲ್ಲಿ, 'ಹೋರಾಡು ಇಲ್ಲವೇ ಓಡು' ಎಂಬ ದೇಹದ ಸಿದ್ಧತೆಯನ್ನು ವಿವರಿಸಿದ್ದರು. ಹುಲಿ ಬಂದರೂ ಅದೇ, ಗಣಿತದ ಮೇಷ್ಟ್ರು ಬಂದರೂ ಅದೇ! ಕಷ್ಟದ ಲೆಕ್ಕ ಎದುರಾದಾಗ ದೇಹದಲ್ಲಿ ಆಗುವ ಬದಲಾವಣೆಗಳನ್ನು ಅಳೆಯಲು ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು ಎದೆಬಡಿತ. ಎದೆಗೆ ಪಟ್ಟಿ ಕಟ್ಟಿ ಪ್ರತಿ ಬಡಿತವನ್ನೂ ದಾಖಲಿಸುತ್ತಾರೆ. ಎಷ್ಟು ಬಡಿತ ಎಂಬುದರ ಜೊತೆಗೆ ಎರಡು ಬಡಿತಗಳ ನಡುವಿನ ಅಂತರವನ್ನೂ ನೋಡುತ್ತಾರೆ. ಆರೋಗ್ಯವಂತನ ಹೃದಯ ಗೋಡೆ ಗಡಿಯಾರದಂತೆ ಬಡಿಯುವುದಿಲ್ಲ. ಉಸಿರು ಎಳೆದುಕೊಂಡಾಗ ಅಂತರ ತುಸು ಕಡಿಮೆ, ಬಿಟ್ಟಾಗ ತುಸು ಹೆಚ್ಚು. ಹೃದಯಕ್ಕೆ ಒಂದು ಆಕ್ಸಿಲರೇಟರ್ ನರ, ಒಂದು ಬ್ರೇಕ್ ನರ ಇವೆ. ಬ್ರೇಕ್ ನರದ ಹೆಸರು ವೇಗಸ್. ಹೆಸರು ವೇಗಸ್ ಆದರೂ ಕೆಲಸ ನಿಧಾನ ಮಾಡುವುದು! ಒತ್ತಡದಲ್ಲಿ ಬ್ರೇಕ್ ಸಡಿಲವಾಗಿ ಬಡಿತ ಏರುತ್ತದೆ, ಅಂತರಗಳ ಏರಿಳಿತ ಕುಗ್ಗುತ್ತದೆ. ಪರೀಕ್ಷೆ ಮುಗಿದ ಮೇಲೆ ಬ್ರೇಕ್ ಎಷ್ಟು ಬೇಗ ಮತ್ತೆ ಹಿಡಿಯುತ್ತದೆ ಎಂಬುದನ್ನೂ ಗಮನಿಸುತ್ತಾರೆ.

ಎರಡನೆಯದು ಅಂಗೈ ಬೆವರು. ಎರಡು ಬೆರಳುಗಳಿಗೆ ತಂತಿ ಅಂಟಿಸಿ, ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಹರಿಸುತ್ತಾರೆ. ಬೆವರು ಗ್ರಂಥಿಗಳು ತುಸುವೇ ಒಸರಿದರೂ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಫ್ರಾನ್ಸಿನ ಫೆರೆ 1888ರಲ್ಲೇ ಇದನ್ನು ಗಮನಿಸಿದ್ದರು. ಕಷ್ಟದ ಪ್ರಶ್ನೆ ಕೇಳಿದ ಒಂದರಿಂದ ಮೂರು ಸೆಕೆಂಡಿನೊಳಗೆ ಗೆರೆ ಮೇಲೇರುತ್ತದೆ.

ಮೂರನೆಯದು ಕಣ್ಣಿನ ಪಾಪೆ. 1966ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಜಾಕ್ಸನ್ ಬೀಟಿ ಅಂಕಿಗಳ ಸಾಲನ್ನು ಕೇಳಿಸಿ ನೆನಪಿಡಲು ಹೇಳಿದರು. ಪ್ರತಿ ಅಂಕಿಗೂ ಪಾಪೆ ತುಸು ತುಸು ಹಿಗ್ಗಿತು. ಒಪ್ಪಿಸತೊಡಗಿದಾಗ, ಹೊರೆ ಇಳಿಸಿದ ಹಾಗೆ, ಒಂದೊಂದೇ ಅಂಕಿಗೆ ಕುಗ್ಗುತ್ತ ಬಂತು. ಇದೇ ಕಾಹ್ನೆಮನ್ ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ನಾಲ್ಕನೆಯದು ಎಂಜಲು. ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಎಂಜಲಿನಲ್ಲೂ ಸಿಗುತ್ತದೆ, ಸೂಜಿ ಚುಚ್ಚಬೇಕಿಲ್ಲ. ಆದರೆ ಇದು ನಿಧಾನದ ಸಾಕ್ಷಿ. ಒತ್ತಡ ಶುರುವಾದ ಇಪ್ಪತ್ತು ಮೂವತ್ತು ನಿಮಿಷಗಳ ನಂತರ ತುದಿ ಮುಟ್ಟುತ್ತದೆ. ಬೆಳಿಗ್ಗೆ ತಾನಾಗಿಯೇ ಹೆಚ್ಚಿರುತ್ತದೆ, ರಾತ್ರಿ ಕಡಿಮೆ. ಆದ್ದರಿಂದ ಎರಡು ದಿನಗಳ ಎಂಜಲನ್ನು ಹೋಲಿಸಬೇಕಾದರೆ ಎರಡನ್ನೂ ಒಂದೇ ಹೊತ್ತಿನಲ್ಲಿ ತೆಗೆದುಕೊಂಡಿರಬೇಕು.

ಅದೇ ಅಂಕ, ಹೆಚ್ಚು ಬೆಲೆ

ಈಗ ಎರಡನ್ನೂ ಜೋಡಿಸೋಣ. ನೆನಪಿನ ಪರೀಕ್ಷೆ ನಡೆಯುವಾಗಲೇ ಎದೆಬಡಿತ, ಬೆವರು, ಪಾಪೆ ಅಳೆದರೆ ಏನು ಸಿಗುತ್ತದೆ? ಇಬ್ಬರು ಮಕ್ಕಳಿಗೂ ಹತ್ತಕ್ಕೆ ಒಂಬತ್ತು ಅಂಕ ಬಂದಿರಬಹುದು. ಒಬ್ಬಳು ಆರಾಮವಾಗಿ ಗಳಿಸಿದಳು, ಇನ್ನೊಬ್ಬಳು ಏದುಸಿರು ಬಿಟ್ಟು ಗಳಿಸಿದಳು. ಕಾಗದದ ಮೇಲೆ ಇಬ್ಬರೂ ಸಮ. ದೇಹದ ದಾಖಲೆಯಲ್ಲಿ ಸಮ ಅಲ್ಲ.

ಇದು ಬರೀ ಊಹೆಯಲ್ಲ. 1999ರಲ್ಲಿ ಅಮೆರಿಕದ ಮ್ಯಾಕ್‌ಅಲಿಸ್ಟರ್ ಮತ್ತು ಸಂಗಡಿಗರು, ಲಘು ಏಟು ಬಿದ್ದು ಸುಮಾರು ಒಂದು ತಿಂಗಳಾದವರನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ನೆನಪಿನ ಕೆಲಸ ಕೊಟ್ಟರು. ಅಂಕಗಳಲ್ಲಿ ಏಟು ಬೀಳದವರಿಗೂ ಅವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಕೆಲಸ ಕಷ್ಟವಾಗುತ್ತಿದ್ದಂತೆ ಅವರ ಮಿದುಳಿನಲ್ಲಿ ಚಟುವಟಿಕೆ ಹೆಚ್ಚು ಏರಿತು. 2004ರಲ್ಲಿ ಕೆನಡಾದ ಐಸ್ ಹಾಕಿ ಆಟಗಾರರ ಎದೆಬಡಿತ ನೋಡಿದಾಗಲೂ ಇದೇ ಬಗೆ. ಕನ್‌ಕಷನ್ ಆದವರು ಸುಮ್ಮನೆ ಕೂತಿದ್ದಾಗ ಬಡಿತದ ಅಂತರಗಳು ಬೇರೆಯವರಂತೆಯೇ ಇದ್ದವು; ವ್ಯಾಯಾಮ ಮಾಡಿಸಿದಾಗ ವ್ಯತ್ಯಾಸ ಕಂಡಿತು. ಬಲ್ಬು ಉರಿಯುತ್ತಿತ್ತು, ಮೋಟರ್ ಹಾಕಿದಾಗಲೇ ಫೇಸ್ ಇಲ್ಲದ್ದು ಗೊತ್ತಾಯಿತು.

ಆದರೂ ದೇಹದ ಸಾಕ್ಷಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಎದೆ ಜೋರಾಗಿ ಬಡಿಯಲು ಪರೀಕ್ಷೆಯ ಭಯವೇ ಸಾಕು. 'ಇವತ್ತು ಪಾಸಾಗದಿದ್ದರೆ ಫೈನಲ್ ಆಡುವಂತಿಲ್ಲ' ಎಂದು ಗೊತ್ತಿರುವ ಆಟಗಾರನಿಗೆ ಅಂಗೈ ಬೆವರದೆ ಇದ್ದೀತೆ? ರಾತ್ರಿ ನಿದ್ದೆ ಕೆಟ್ಟಿದ್ದರೆ, ಬಿಸಿಲಿನಿಂದ ಬಂದಿದ್ದರೆ, ಫಿಲ್ಟರ್ ಕಾಫಿ ಕುಡಿದಿದ್ದರೆ ಲೆಕ್ಕವೆಲ್ಲ ಬದಲು. ಏಟು ಬಿದ್ದ ಮೇಲೆ ಎಲ್ಲರ ದೇಹವೂ ಒಂದೇ ದಿಕ್ಕಿಗೆ ವಾಲುವುದೂ ಇಲ್ಲ. ಆದ್ದರಿಂದ ದೇಹದ ಅಳತೆಗೂ ಬಾರ್ತ್ ಅವರ ಉಪಾಯವೇ ಬೇಕು: ಏಟು ಬೀಳುವ ಮುಂಚಿನ ಅವನದೇ ದಾಖಲೆ. ಸದ್ಯಕ್ಕೆ ಇವು ಸಂಶೋಧಕರ ಉಪಕರಣಗಳು. ಆಟಕ್ಕೆ ಮರಳಬಹುದೇ ಎಂದು ತೀರ್ಮಾನಿಸುವಾಗ ವೈದ್ಯರು ಲಕ್ಷಣ, ನಡಿಗೆ, ನೆನಪು, ರೋಗಿಯ ಮಾತು ಎಲ್ಲವನ್ನೂ ಸೇರಿಸಿ ನೋಡುತ್ತಾರೆ.

ಒಂದು ಕಡೆ ಮಾತ್ರ ಎದೆಬಡಿತ ಈಗಾಗಲೇ ನೇರವಾಗಿ ಉಪಯೋಗಕ್ಕೆ ಬಂದಿದೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತು ಬ್ಯಾರಿ ವಿಲ್ಲರ್, ಏಟು ಬಿದ್ದವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಏರನ್ನು ನಿಧಾನವಾಗಿ ಹೆಚ್ಚಿಸುತ್ತ, ಯಾವ ಬಡಿತಕ್ಕೆ ತಲೆನೋವು ಹೆಚ್ಚುತ್ತದೆ ಎಂದು ಗುರುತಿಸುತ್ತಾರೆ. ಆ ಗಡಿಗಿಂತ ಕೆಳಗೆ ದಿನವೂ ಹಗುರ ವ್ಯಾಯಾಮ. ಅವರ ತಂಡ 2019ರಲ್ಲಿ 103 ಹದಿಹರೆಯದವರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೀಗೆ ವ್ಯಾಯಾಮ ಮಾಡಿದವರು ಸುಮಾರು 13 ದಿನಕ್ಕೆ ಚೇತರಿಸಿಕೊಂಡರು. ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗೆ 17 ದಿನ ಹಿಡಿಯಿತು. ಕತ್ತಲ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಹೀಗೆ ಹಿಂದೆ ಸರಿಯಿತು.

ಇಪ್ಪತ್ತಕ್ಕೆ ಹದಿನೆಂಟು

ನಮ್ಮ ಪಕ್ಕದ ಮನೆಯ ಹುಡುಗಿ ಒಂಬತ್ತನೇ ತರಗತಿ, ಶಾಲೆಯ ಕಬಡ್ಡಿ ತಂಡದ ರೇಡರ್. ಹೋದ ವರ್ಷ ರೇಡ್ ಹೋದಾಗ ಮೂವರು ಒಟ್ಟಿಗೆ ಹಿಡಿದು ಕೆಡವಿದರು. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಸರಿಯಿದೆ ಎಂದರು. ಕನ್‌ಕಷನ್ ಆಗಿದೆ, ಜೋಪಾನ ಎಂದೂ ಹೇಳಿದರು. ಆರನೆಯ ದಿನ ಶಾಲೆಗೆ ಹೋದಳು. ಅಂದೇ ಕಿರುಪರೀಕ್ಷೆ. ಇಪ್ಪತ್ತಕ್ಕೆ ಹದಿನೆಂಟು!

"ಮಾರ್ಕ್ಸ್ ಬಂದಿದೆಯಲ್ಲ, ಇನ್ನೇನು, ಹುಷಾರಾಗಿದ್ದಾಳೆ" ಎಂದರಂತೆ ಶಾಲೆಯವರು. ಅಂತರಶಾಲಾ ಪಂದ್ಯ ಹತ್ತಿರವಿತ್ತು. ಆದರೆ ಅಂದು ಸಂಜೆ ಅವಳ ಅಮ್ಮ ನಮ್ಮ ಮನೆಗೆ ಬಂದಾಗ ಹೇಳಿದ್ದು ಬೇರೆ. "ಅಮ್ಮಾ, ಬಂದವಳೇ ಬ್ಯಾಗ್ ಎಸೆದು ಮಲಗಿದಾಳೆ. ಲೈಟ್ ಹಾಕಬೇಡ ಅಂತಾಳೆ. ತಮ್ಮ ಮಾತಾಡಿದರೆ ರೇಗ್ತಾಳೆ. ಊಟ ಬೇಡವಂತೆ. ನಾಟಕವೋ ನಿಜವೋ ಗೊತ್ತಾಗ್ತಿಲ್ಲ."

ನಾನು ಹೋಗಿ ಪಕ್ಕದಲ್ಲಿ ಕೂತೆ. "ಪುಟ್ಟೀ, ಪೇಪರ್ ಕಷ್ಟ ಇತ್ತಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಇಲ್ಲ ಅಜ್ಜಿ, ಎಲ್ಲಾ ಗೊತ್ತಿತ್ತು. ಆದ್ರೆ ಒಂದೊಂದು ಲೈನನ್ನೂ ಮೂರು ಮೂರು ಸಲ ಓದಬೇಕಾಯ್ತು. ಮುಗಿಯೋ ಹೊತ್ತಿಗೆ ಓಟದಲ್ಲಿ ಓಡಿದ ಹಾಗೆ ಎದೆ ಹೊಡ್ಕೋತಿತ್ತು."

ಅವಳ ಬೆರಳಿಗೆ ತಂತಿ ಅಂಟಿಸುವ ಅಗತ್ಯವೇ ಇರಲಿಲ್ಲ. ಹದಿನೆಂಟು ಅಂಕಕ್ಕೆ ತೆತ್ತ ಬೆಲೆ ಎಷ್ಟೆಂದು ಅವಳೇ ಹೇಳಿದ್ದಳು. ಮರುದಿನ ಅವಳ ಅಮ್ಮ ಈ ಮಾತನ್ನು ಹಾಗೆಯೇ ವೈದ್ಯರಿಗೆ ತಿಳಿಸಿದರು. ಒಂದು ವಾರ ಅರ್ಧ ದಿನ ಶಾಲೆ, ನಡುನಡುವೆ ವಿರಾಮ, ಪರೀಕ್ಷೆಗಳು ಮುಂದಕ್ಕೆ, ಸಂಜೆ ಮನೆ ಸುತ್ತಮುತ್ತ ನಡಿಗೆ ಎಂದು ಚೀಟಿ ಬರೆದುಕೊಟ್ಟರು. ಆ ಪಂದ್ಯಕ್ಕೆ ಅವಳಿಲ್ಲದೆ ತಂಡ ಹೋಯಿತು, ಸೋತಿತು. ಎರಡು ದಿನ ಅತ್ತಳು. ಮೂರು ವಾರದ ನಂತರ ತಲೆನೋವು ಪೂರ್ತಿ ಹೋಗಿ, ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸಕ್ಕೆ ಮರಳಿದಳು.

ಕಾದವರಿಗೆ ನಷ್ಟವಿಲ್ಲ. ಲಾರ್ಡ್ಸ್‌ನಲ್ಲಿ ಹೊರಗುಳಿದ ಸ್ಮಿತ್ ಮುಂದಿನ ಟೆಸ್ಟನ್ನೂ ಆಡಲಿಲ್ಲ. ಅದರ ನಂತರದ ಓಲ್ಡ್ ಟ್ರಾಫರ್ಡ್ ಟೆಸ್ಟಿನಲ್ಲಿ 211 ಹೊಡೆದರು. ನಮ್ಮ ಮಯಂಕ್ ಅಗರವಾಲ್ 2021ರಲ್ಲಿ ಇಂಗ್ಲೆಂಡಿನ ನಾಟಿಂಗಂನಲ್ಲಿ ನೆಟ್ಸ್ ಅಭ್ಯಾಸದ ವೇಳೆ ಸಿರಾಜ್ ಎಸೆದ ಚೆಂಡು ಹೆಲ್ಮೆಟ್ಟಿಗೆ ಬಡಿದು ಟೆಸ್ಟ್ ತಪ್ಪಿಸಿಕೊಂಡರು. ಆ ಪಂದ್ಯದಲ್ಲಿ ಇನಿಂಗ್ಸ್ ಆರಂಭಿಸಿ 84 ರನ್ ಗಳಿಸಿದವರು ಕರ್ನಾಟಕದವರೇ ಆದ ಕೆ.ಎಲ್. ರಾಹುಲ್. ದೇಶದ ತಂಡದ ಜಾಗವನ್ನೇ ಬಿಟ್ಟು ಕೂರಬಹುದಾದರೆ ಶಾಲೆಯ ಪಂದ್ಯವನ್ನು ಬಿಡಬಾರದೇ? ಅವಸರ ಪಟ್ಟರೆ ಅಪಾಯ ದೊಡ್ಡದು. ಮೊದಲ ಏಟು ಮಾಯುವ ಮುಂಚೆ ಇನ್ನೊಂದು ಬಿದ್ದರೆ ಚೇತರಿಕೆ ಉದ್ದವಾಗುತ್ತದೆ. ಬಹಳ ಅಪರೂಪಕ್ಕೆ, ಅದರಲ್ಲೂ ಎಳೆಯರಲ್ಲಿ, ಮಿದುಳು ಊದಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು.

ಮನೆಯಲ್ಲೇ ಮಾಡಿ ನೋಡಿ

ಇದು ಅಜ್ಜ–ಅಜ್ಜಿ, ಮೊಮ್ಮಕ್ಕಳು ಸೇರಿ ಆಡುವ ಆಟ. ಐದು ನಿಮಿಷ ಸುಮ್ಮನೆ ಕೂರಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಅರ್ಧ ನಿಮಿಷ ನಾಡಿ ಎಣಿಸಿ, ಎರಡರಿಂದ ಗುಣಿಸಿ ಬರೆದಿಡಿ. ಈಗ 100ರಿಂದ ಏಳೇಳು ಕಳೆಯುತ್ತ ಜೋರಾಗಿ ಹೇಳಿ: 93, 86, 79... ಹೇಳುತ್ತಿರುವಾಗಲೇ ಇನ್ನೊಬ್ಬರು ನಿಮ್ಮ ನಾಡಿ ಎಣಿಸಲಿ. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಎಣಿಸಿ. ನನ್ನ ಮೊಮ್ಮಗನದು ಮೊದಲು 78 ಇತ್ತು, ಲೆಕ್ಕ ಹೇಳುವಾಗ 92 ಆಯಿತು, ಆಮೇಲೆ 80ಕ್ಕೆ ಇಳಿಯಿತು. ಉತ್ತರ ಒಂದೂ ತಪ್ಪಿರಲಿಲ್ಲ! ಹೃದಯದ ತೊಂದರೆ ಇರುವ ಹಿರಿಯರು ಲೆಕ್ಕ ಕೇಳುವ ಮೇಷ್ಟ್ರಾಗಿ. ಆದರೆ ನೆನಪಿಡಿ, ಇದು ಆಟ. ತಲೆಗೆ ಏಟು ಬಿದ್ದವರನ್ನು ಇದರಿಂದ ಪರೀಕ್ಷಿಸಬೇಡಿ.

ತಲೆಗೆ ಏಟು ಬಿದ್ದಾಗ

ಏಟು ಬಿದ್ದು ಅನುಮಾನ ಬಂದರೆ ಆ ದಿನ ಮತ್ತೆ ಆಡುವಂತಿಲ್ಲ. ಮಗು "ನಾನು ಹುಷಾರಾಗಿದ್ದೀನಿ" ಎಂದರೂ ಸರಿ. ಅರಿಶಿನ ಹಚ್ಚಿ ಮೈದಾನಕ್ಕೆ ಕಳಿಸುವ ಏಟು ಇದಲ್ಲ.

ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಪ್ರಜ್ಞೆ ತಪ್ಪುವುದು, ಫಿಟ್ಸ್, ಎರಡೆರಡಾಗಿ ಕಾಣುವುದು, ಕೈಕಾಲು ಬಲವಿಲ್ಲದಂತಾಗುವುದು ಅಥವಾ ಜೋಮು, ತೀವ್ರ ಕುತ್ತಿಗೆ ನೋವು, ಹೆಚ್ಚುತ್ತಿರುವ ಗೊಂದಲ ಅಥವಾ ಮಂಪರು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂಥದ್ದೇನೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸಿ. ಮೊದಲ ಒಂದೆರಡು ದಿನ ಹಗುರವಾದ ವಿಶ್ರಾಂತಿ, ಮೊಬೈಲ್–ಟಿ.ವಿ. ಕಡಿಮೆ. ಆಮೇಲೆ ಹಗುರ ನಡಿಗೆ, ನಂತರ ಪಾಠ, ಕೊನೆಗೆ ಆಟ. ಆಟಕ್ಕೆ ಮರಳಲು ಆರು ಮೆಟ್ಟಿಲು; ಒಂದೊಂದರಲ್ಲೂ ಕನಿಷ್ಠ 24 ಗಂಟೆ. ಡಿಕ್ಕಿ ಹೊಡೆಯುವ ಆಟಕ್ಕೆ ಮರಳುವ ಮುಂಚೆ ವೈದ್ಯರ ಒಪ್ಪಿಗೆ ಬೇಕೇ ಬೇಕು.

ಮಕ್ಕಳೇ, ಏಟು ಬಿದ್ದರೆ ಮುಚ್ಚಿಡಬೇಡಿ. ಜೊತೆಗಾರನಿಗೆ ಬಿದ್ದದ್ದು ಕಂಡರೆ ಟೀಚರಿಗೆ ಹೇಳಿ, ಅದು ಚಾಡಿಯಲ್ಲ. ಅಜ್ಜ–ಅಜ್ಜಿಯರೇ, ಶಾಲೆಗೆ ಮರಳಿದ ಮಗು ಸಂಜೆ ಮನೆಗೆ ಬಂದಾಗ "ಎಷ್ಟು ಮಾರ್ಕ್ಸ್ ಬಂತು?" ಎಂದು ಕೇಳುವ ಮುಂಚೆ, "ಬರೆದು ಮುಗಿಸಿದ ಮೇಲೆ ಹೇಗನ್ನಿಸಿತು?" ಎಂದು ಕೇಳಿ. ಉತ್ತರ ಬರುವವರೆಗೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ.